ಪಾರೋತಿ, ಸರಸೋತಿ ಮತ್ತು ನಮ್ಮ ಅತ್ತೆ

ಅಕ್ಟೋಬರ್ 10 ಬಂದರೆ ಶಿವರಾಮ ಕಾರಂತರ ಫೋಟೋ ಎಲ್ಲರ ಫೇಸ್‌ಬುಕ್ ಗೋಡೆಯ ಮೇಲೂ ಬರುತ್ತದೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ್ದು, 1977ರ ಜ್ಞಾನಪೀಠ, ಯಕ್ಷಗಾನ, ಎಲ್ಲವನ್ನೂ ನೆನೆಯುತ್ತೇವೆ. ಒಳ್ಳೆಯದೇ. ಆದರೆ ಅವರ ಕಾದಂಬರಿಯನ್ನು ಕೊನೆಯ ಸಲ ಕೈಗೆತ್ತಿಕೊಂಡದ್ದು ಯಾವಾಗ?

ನಾನು ಈ ವರ್ಷ 'ಮರಳಿ ಮಣ್ಣಿಗೆ'ಯನ್ನು ಎರಡನೇ ಸಲ ಓದಿದೆ. 1940ರ ದಶಕದ ಆರಂಭದಲ್ಲಿ ಬಂದ ಪುಸ್ತಕ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಕೋಡಿ ಎಂಬ ಊರು, ಮೂರು ತಲೆಮಾರಿನ ಕತೆ. ಕಾಲೇಜಿನಲ್ಲಿದ್ದಾಗ ಓದಿದಾಗ ನನಗೆ ಕಂಡದ್ದು ಮೊಮ್ಮಗ ರಾಮ ಒಬ್ಬನೇ. ಮದರಾಸಿನಲ್ಲಿ ಓದಿ, ಮುಂಬೈಯಲ್ಲಿ ಕೆಲಸಕ್ಕಾಗಿ ಅಲೆದು, ಕಡೆಗೆ ಊರಿಗೆ ಮರಳುವ ಹುಡುಗ. ಆಗ ನನಗೂ ಕೆಲಸದ್ದೇ ಚಿಂತೆ. ಅವನ ಭಾಗ ಬರಲಿ ಅಂತ ಮೊದಲ ನೂರಾರು ಪುಟ ಓಡಿಸಿಬಿಟ್ಟಿದ್ದೆ.

ಈ ಸಲ ಆ ಪುಟಗಳನ್ನು ದಾಟಲು ಆಗಲಿಲ್ಲ. ಆ ಹುಡುಗನ ಅಜ್ಜ ರಾಮ ಐತಾಳರು ಪೌರೋಹಿತ್ಯಕ್ಕೆ ಹೋಗುತ್ತಾರೆ. ಮನೆ, ಗದ್ದೆ, ದನ ನಡೆಯುವುದು ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿಯ ಮೈಕೈ ನೋವಿನಲ್ಲಿ. ನೆಟ್ಟಿ, ಗೊಬ್ಬರ, ಸೌದೆ, ಮತ್ತೆ ಅಡುಗೆ. ಪಾರೋತಿಗೆ ಮಕ್ಕಳಿಲ್ಲ ಅಂತ ಐತಾಳರು ಇನ್ನೊಂದು ಮದುವೆಯಾಗುತ್ತಾರೆ. ಸವತಿಯ ಮಗು ಲಚ್ಚನನ್ನು ಅದೇ ಪಾರೋತಿ ಎತ್ತಿ ಆಡಿಸುತ್ತಾಳೆ. ಕಾರಂತರು ಎಲ್ಲೂ ಅಳಿಸಲು ಹೋಗುವುದಿಲ್ಲ. ಮಳೆ ಬರುತ್ತದೆ, ಕೆಲಸ ಮುಗಿಯುವುದಿಲ್ಲ, ಇನ್ನೊಂದು ವರ್ಷ ಹೋಗುತ್ತದೆ, ಅಷ್ಟೇ. ಮುಂದೆ ಲಚ್ಚನ ಹೆಂಡತಿಯಾಗಿ ಬರುವ ನಾಗವೇಣಿಯ ಕಷ್ಟವಂತೂ ನಾನು ಒಂದೇ ಸಲಕ್ಕೆ ಓದಲಾರದೆ ಎರಡು ದಿನ ಪುಸ್ತಕ ಮುಚ್ಚಿಟ್ಟಿದ್ದೆ.

ಕಾದಂಬರಿ ಓದಿ ಏನು ಸಿಗುತ್ತೆ, ಹತ್ತು ನಿಮಿಷದ ವಿಡಿಯೋದಲ್ಲಿ ಕತೆ ಗೊತ್ತಾಗುತ್ತಲ್ಲ ಅಂತಾರೆ. ಕತೆ ಗೊತ್ತಾಗುತ್ತೆ, ನಿಜ. ಅದೇ ಊರಿನ ಶೀನ ಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ಇಟ್ಟದ್ದು, ಐತಾಳರ ಮಗ ಹಾಳಾದದ್ದು, ಎಲ್ಲ ಹೇಳಿ ಮುಗಿಸಬಹುದು. ಆದರೆ ಪಾರೋತಿ ಎಷ್ಟೋ ಮಳೆಗಾಲ ಕಳೆದಳು ಅನ್ನುವುದು ಒಂದು ಸಾಲಿನಲ್ಲಿ ಕೇಳಿದರೆ ಅದು ಬರೀ ಮಾಹಿತಿ. ಅವಳ ಜೊತೆ ನೂರಾರು ಪುಟ ಕೂತರೆ ಮಾತ್ರ ಅದರ ಭಾರ ತಾಗುವುದು. ಪುಸ್ತಕ ಉದ್ದ ಇರುವುದೇ ಅದಕ್ಕೆ.

ನನಗೆ ತಾಗಿದ್ದು ಎಲ್ಲಿ ಅಂದರೆ, ನಮ್ಮ ಮನೆಯಲ್ಲಿ. ಅಪ್ಪನ ಅಕ್ಕ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾನು ಹುಟ್ಟುವ ಮೊದಲಿನಿಂದ ಆ ಮನೆಯಲ್ಲಿ ಇದ್ದಾರೆ. ನಾನು ಊರಿಗೆ ಹೋದಾಗಲೆಲ್ಲ "ಅತ್ತೆ, ಹೇಗಿದ್ದೀರಿ" ಅಂತ ಕೇಳಿ ಒಳಗೆ ಹೋಗುತ್ತಿದ್ದೆ. ಈ ಸಲ ಚಾವಡಿಯಲ್ಲಿ ಅವರ ಪಕ್ಕದಲ್ಲೇ ಕೂತೆ. ಅವರು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಎಡಗೈ ಹೆಬ್ಬೆರಳಿನ ಮೇಲೆ ಗೆರೆಗೆರೆಯಾಗಿ ಹಳೆಯ ಗಾಯಗಳು. ಹುಲ್ಲು ಕೊಯ್ಯುವಾಗ ಕತ್ತಿ ತಾಗಿದ್ದಂತೆ. ಇಷ್ಟು ವರ್ಷ ಆ ಕೈಯಿಂದ ಊಟ ಹಾಕಿಸಿಕೊಂಡಿದ್ದೇನೆ, ಒಂದು ದಿನವೂ ನೋಡಿರಲಿಲ್ಲ.

"ಆಗೆಲ್ಲ ಎಷ್ಟು ಕಷ್ಟ ಆಗಿರಬೇಕು ಅಲ್ವಾ ಅತ್ತೆ?" ಅಂದೆ.

"ಈಗ ಅದೆಲ್ಲ ಎಂತಕ್ಕೆ ಮಗಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಲು ಶುರು ಮಾಡಿದರು. ಸಂಜೆ ದೀಪ ಹಚ್ಚುವ ತನಕ ಹೇಳಿದರು.

ಅವರಿಗೆ ಈಗ ಕಣ್ಣು ಮಂಜು, ಓದಲು ಆಗುವುದಿಲ್ಲ. ರಾತ್ರಿ ನಾನೇ ಪುಸ್ತಕ ತೆಗೆದು ಓದಿದೆ. ಹೂಂ, ಹೂಂ ಅನ್ನುತ್ತ ಕೇಳಿದರು. ಒಂದು ಕಡೆ ನನ್ನ ಕೈ ಹಿಡಿದು ನಿಲ್ಲಿಸಿ, ಆ ಸಾಲು ಮತ್ತೊಮ್ಮೆ ಓದು ಅಂದರು. ಮಾರನೇ ದಿನ ಬಸ್ಸಿಗೆ ಹೊರಟಾಗ ಗೇಟಿನ ತನಕ ಬಂದು, "ಆ ಸರಸೋತಿಗೆ ಮುಂದೆ ಎಂತಾಯ್ತು?" ಅಂತ ಕೇಳಿದರು.

ಪುಸ್ತಕ ಅಲ್ಲೇ ಬಿಟ್ಟು ಬಂದಿದ್ದೇನೆ. ದೀಪಾವಳಿಗೆ ಹೋಗಿ ಮುಂದಿನದು ಓದಬೇಕು.