ತಲೆಗೂ ಬೀದಿಗೂ ಒಂದೇ ಕಂಟ್ರಾಕ್ಟು

2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ನಮ್ಮ ಕೋಲಾರದ ಕೆರೆಗಳಿಗೆ ಬರುತ್ತಿದೆ. ಬೆಂಗಳೂರಿನ ಫ್ಯಾಷನ್ನಿಗೆ ಮಾತ್ರ ಯಾವ ಹಂತವೂ ಇಲ್ಲ, ನೇರವಾಗಿ ಬರುತ್ತದೆ. ಹೋದ ತಿಂಗಳು ಅದು ನಮ್ಮಾಕೆಯ ತಲೆಗೇ ಬಂತು.

ನಾದಿನಿ ಮಗಳ ರಿಸೆಪ್ಷನ್ನು. ಪೇಟೆಯ ಒಂದು ಪಾರ್ಲರಿಗೆ ನಾನೂ ಹೋಗಿದ್ದೆ, ದುಡ್ಡು ಕೊಡೋಕೆ. ಅಲ್ಲಿನ ಹುಡುಗಿ ಒಂದು ಆಲ್ಬಮ್ ತಂದಳು. ಒಳಗೆ ಮೇಕೆ ಬಾಲದಷ್ಟು ಉದ್ದದ ಕೂದಲ ಕುಚ್ಚುಗಳು, ಒಂದೊಂದಕ್ಕೂ ಒಂದು ತಿಂಡಿ ಹೆಸರು. ಹನಿ, ಕ್ಯಾರಮೆಲ್, ಚಾಕೊಲೇಟ್.

"ಮೇಡಂ, ಹೈಲೈಟ್ಸಾ, ಲೋಲೈಟ್ಸಾ?"

ನಾನು ಕರೆಂಟಿನ ವಿಷಯ ಅಂದುಕೊಂಡೆ. ನಮ್ಮ ಬೀದಿಯಲ್ಲಿ ಸಂಜೆ ಏಳರ ಮೇಲೆ ಇರೋದು ಲೋ ಲೈಟೇ ಅಲ್ವಾ?

ಹೈಲೈಟ್ಸ್ ಅಂದರೆ ಅಲ್ಲೊಂದು ಇಲ್ಲೊಂದು ಎಳೆ ಆರಿಸಿ, ಬ್ಲೀಚ್ ಹಚ್ಚಿ, ಫಾಯಿಲ್‌ನಲ್ಲಿ ಮಡಚಿಟ್ಟು, ಇರುವ ಬಣ್ಣಕ್ಕಿಂತ ಎರಡು ಮೂರು ಶೇಡು ತಿಳಿ ಮಾಡೋದು. ಲೋಲೈಟ್ಸ್ ಅಂದರೆ ಹಾಗೇ ಎಳೆ ಆರಿಸಿ, ಇರುವ ಬಣ್ಣಕ್ಕಿಂತ ಗಾಢ ಮಾಡೋದು. ಕೂದಲು ದಟ್ಟವಾಗಿ ಕಾಣುತ್ತದೆ. ಹೊಂಬಣ್ಣದ ಕೂದಲಿನವರಿಗೆ ಸರಿ. ನಮ್ಮಾಕೆಯ ಕೂದಲು ಇದ್ದಿಲು. ಅದಕ್ಕಿಂತ ಕಪ್ಪು ಎಲ್ಲಿಂದ ತರೋದು? ನಿಜ ಹೇಳಬೇಕಂದರೆ, ಆ ಇದ್ದಿಲೂ ಹುಟ್ಟಿದ್ದಲ್ಲ. ತಿಂಗಳಿಗೊಂದು ಸಲ ನಮ್ಮ ಬಚ್ಚಲುಮನೆಯಲ್ಲಿ ಅಮಾವಾಸ್ಯೆ ಆಗುತ್ತದೆ.

"ಅದಕ್ಕೇ ಸರ್, ಫಸ್ಟು ಬ್ಲೀಚ್ ಮಾಡ್ತೀವಿ. ಡೈ ಮೇಲೆ ಡೈ ಹಾಕಿದ್ರೆ ತಿಳಿ ಆಗಲ್ಲ. ಕಪ್ಪು ತೆಗೆದು ಬ್ರೌನ್ ಮಾಡಿ, ಆಮೇಲೆ ಅದರೊಳಗೆ ಡಾರ್ಕ್ ಎಳೆ ಕೊಡ್ತೀವಿ."

ಬೆಳ್ಳಗಿದ್ದುದನ್ನು ನಾವು ಕಪ್ಪು ಮಾಡಬೇಕು. ಆ ಕಪ್ಪನ್ನು ಇವರು ಕಂದು ಮಾಡಬೇಕು. ಆ ಕಂದಿಗೆ ಮತ್ತೆ ಕಪ್ಪು ಗೆರೆ ಎಳೆಯಬೇಕು. ಇದನ್ನ ಎಲ್ಲೋ ನೋಡಿದ್ದೀನಲ್ಲಾ ಅನ್ನಿಸಿತು.

ನಮ್ಮ ಬೀದಿಯಲ್ಲೇ! ಯುಗಾದಿಗೆ ಮುಂಚೆ ಡಾಂಬರು ಹಾಕಿದ್ದರು, ಕನ್ನಡಿ ಹಾಗಿತ್ತು. ಹದಿನೈದು ದಿನಕ್ಕೆ ಪೈಪಿಗೆಂದು ಅಡ್ಡಡ್ಡ ಅಗೆದು ಕೆಮ್ಮಣ್ಣು ಮುಚ್ಚಿದರು. ಅದು ಹೈಲೈಟ್ಸು. ಕಪ್ಪು ಕೂದಲಿಗೆ ಬ್ಲೀಚ್ ಬಿದ್ದರೂ ಮೊದಲು ಏಳುವುದು ಹೆಚ್ಚುಕಮ್ಮಿ ಅದೇ ಬಣ್ಣ. ಆಮೇಲೆ ಆ ಗೆರೆಗಳ ಮೇಲಷ್ಟೇ ಡಾಂಬರಿನ ತೇಪೆ ಹಾಕಿದರು. ಅದು ಲೋಲೈಟ್ಸು. ನಾವು ದಡ್ಡರು, ಸುಮ್ನೆ ಬೈಕೊಂಡು ಓಡಾಡ್ತಿದ್ದೆವು. ಬೀದಿಗೆ ಡೆಪ್ತ್ ಬಂದಿದೆ ಅಂತ ಯಾರೂ ಹೇಳಲೇ ಇಲ್ಲ.

ಕಿವಿ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ ಅಂತ ಡೈ ಪ್ಯಾಕೆಟ್ಟಿನ ಮೇಲೇ ಬರೆದಿರುತ್ತದೆ. ಪಾರ್ಲರಿನಲ್ಲಿ ಯಾರೂ ಆ ಮಾತೆತ್ತಲಿಲ್ಲ. ಕಂಟ್ರಾಕ್ಟಿನಲ್ಲಿ ಟೆಸ್ಟಿಂಗ್ ಇರಲಿಲ್ಲವೇನೋ.

ನಾಲ್ಕೂವರೆ ಸಾವಿರ ಎಣಿಸಿಕೊಂಡ ಮೇಲೆ ಸಲಹೆ ಬಂತು: "ಗಡಸು ನೀರಲ್ಲಿ ತೊಳೀಬೇಡಿ ಮೇಡಂ, ಕಲರ್ ಮಂಕಾಗುತ್ತೆ."

ಸಾವಿರ ಅಡಿ ಕೊರೆದರೂ ಬೋರು ಬುಸ್ಸೆನ್ನುವ ಜಿಲ್ಲೆಯಲ್ಲಿ ಈ ಮಾತು. ನಮ್ಮನೆ ನೀಲಿ ಬಕೆಟ್ಟಿಗೆ ಕಂಠದಿಂದ ತಳದವರೆಗೂ ಬಿಳೀ ಹೈಲೈಟ್ಸು ಬಂದಿದೆ. ಒಂದು ಪೈಸೆ ಖರ್ಚಿಲ್ಲ, ಎಷ್ಟು ಉಜ್ಜಿದರೂ ಹೋಗಲ್ಲ. ನಮ್ಮಾಕೆಗೆ ಇಪ್ಪತ್ತು ಲೀಟರಿನ ಕ್ಯಾನ್ ತರಿಸಿದೆವು. ಆ ವಾರ ಮನೆಯವರೆಲ್ಲ ಬೋರ್ ನೀರು ಕುಡಿದು, ತಲೆಗೆ ಫಿಲ್ಟರ್ ನೀರು ಹಾಕಿದೆವು.

ರಿಸೆಪ್ಷನ್ನಿನಲ್ಲಿ ಫೋಟೋಗ್ರಾಫರು ಏನೂ ಹೇಳಲಿಲ್ಲ. ನಾದಿನಿಯೂ ನೋಡಲಿಲ್ಲ, ಅವಳ ತಲೆಯಲ್ಲೂ ಅವೇ ಪಟ್ಟೆಗಳಿದ್ದವು. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಮ್ಮ ಒಬ್ಬರೇ ಹೋಳಿಗೆ ಮುರಿಯೋದು ಬಿಟ್ಟು ದಿಟ್ಟಿಸಿ ನೋಡಿದರು.

"ಯಾಕಮ್ಮಾ, ಈ ಸಲ ಡೈ ಸರಿಯಾಗಿ ಹತ್ತಲಿಲ್ವಾ? ಅಲ್ಲಲ್ಲಿ ಬಿಟ್ಟೋಗಿದೆ."

ಆ ತಿಂಗಳು ನಮ್ಮನೆ ಅಮಾವಾಸ್ಯೆ ಹತ್ತು ದಿನ ಮುಂಚೆಯೇ ಬಂತು.