ಉಕ್ರೇನಿಯನ್ ನಾಮಪದಗಳ ಲಿಂಗವನ್ನು ಕನ್ನಡಿಗರು ಕಲಿಯಬೇಕಾದ ಬಗೆ

ಹಿಂದಿಯ ನಡುವೆ ಕೆಲವು ವರ್ಷ ಬಾಳಿದ ಕನ್ನಡಿಗರಿಗೆ ನಾಮಪದದ ಲಿಂಗ ಎಂಥ ತೊಡಕೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಘರ್’ ಪುಲ್ಲಿಂಗ, ‘ಮೇಜ್’ ಸ್ತ್ರೀಲಿಂಗ. ‘ರೋಟಿ’ ಸ್ತ್ರೀಲಿಂಗವಾದರೆ ಅದೇ ಇಕಾರದಲ್ಲಿ ಮುಗಿಯುವ ‘ಪಾನಿ’ ಪುಲ್ಲಿಂಗ. ಉಕ್ರೇನಿಯನ್ ಕಲಿಯಲು ತೊಡಗುವ ನಮ್ಮವರು ಈ ಅಂಜಿಕೆಯನ್ನು ಜೊತೆಗೇ ತರುತ್ತಾರೆ, ಇಲ್ಲಿ ಎರಡಲ್ಲ ಮೂರು ಲಿಂಗಗಳಿವೆ ಎಂದು ತಿಳಿದಾಗ ಅದು ಇಮ್ಮಡಿಯಾಗುತ್ತದೆ. ದೆಹಲಿಯಲ್ಲಿ ಹಿಂದಿಯನ್ನು ರೂಢಿಸಿಕೊಂಡು ಈಗ ಲ್ವಿವ್ ನಗರದಲ್ಲಿ ನೆಲೆಸಿರುವ ನನ್ನ ಅನಿಸಿಕೆ ಇದಕ್ಕೆ ತದ್ವಿರುದ್ಧವಾಗಿದೆ: ಉಕ್ರೇನಿಯನ್ನಿನ ಮೂರು ಲಿಂಗಗಳು ಹಿಂದಿಯ ಎರಡಕ್ಕಿಂತ ಸುಲಭ, ಮತ್ತು ಅವುಗಳಿಗೆ ನಮ್ಮಲ್ಲಿ ಅನೇಕರು ಹೈಸ್ಕೂಲಿನಲ್ಲಿ ಓದಿದ ಸಂಸ್ಕೃತವೇ ಅತ್ಯುತ್ತಮ ಸಿದ್ಧತೆ.

ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ. ಸಂಸ್ಕೃತದಲ್ಲಿ ಸ್ತ್ರೀಲಿಂಗವಾದ ‘ನದಿ’, ಪುಲ್ಲಿಂಗವಾದ ‘ವೃಕ್ಷ’ ಎರಡೂ ಕನ್ನಡಕ್ಕೆ ಬಂದೊಡನೆ ತಮ್ಮ ಮೂಲ ಲಿಂಗವನ್ನು ಕಳಚಿ ನಪುಂಸಕವಾಗುತ್ತವೆ. ನದಿ ಹರಿಯಿತು, ವೃಕ್ಷ ಬಿದ್ದಿತು. ಆದ್ದರಿಂದಲೇ ನಾವು ಪರಭಾಷೆಯ ಪದವೊಂದರ ಲಿಂಗವನ್ನು ಆ ವಸ್ತುವಿನೊಳಗೆ ಹುಡುಕುತ್ತೇವೆ, ಮೇಜು ಗಂಡಾಗಲು ಕಾರಣವೇನೆಂದು ಕೇಳುತ್ತೇವೆ. ಆದರೆ ಹೆಂಡತಿ ಎಂಬ ಒಂದೇ ಅರ್ಥದ ‘ದಾರಾಃ’ ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರಮ್’ ನಪುಂಸಕಲಿಂಗ ಎಂದು ಕಲಿತವರಿಗೆ ಲಿಂಗವು ಪದದ್ದೇ ಹೊರತು ವಸ್ತುವಿನದಲ್ಲ ಎಂಬುದು ಆಗಲೇ ಗೊತ್ತು.

ಉಕ್ರೇನಿಯನ್ನಿನಲ್ಲಿ ಆ ಗುರುತು ಬಹುಮಟ್ಟಿಗೆ ಪದದ ಕೊನೆಯಲ್ಲಿಯೇ ಇರುತ್ತದೆ. ವ್ಯಂಜನದಲ್ಲಿ ಮುಗಿಯುವ ‘ಸ್ತಿಲ್’, ಅಂದರೆ ಮೇಜು, ಪುಲ್ಲಿಂಗ. ಆಕಾರದಲ್ಲಿ ಮುಗಿಯುವ ‘ಕ್ನಿಹಾ’, ಅಂದರೆ ಪುಸ್ತಕ, ಲತಾ, ಮಾಲಾಗಳಂತೆ ಸ್ತ್ರೀಲಿಂಗ. ‘ಒ’, ‘ಎ’ಗಳಲ್ಲಿ ಮುಗಿಯುವ ‘ವಿಕ್ನೊ’ (ಕಿಟಕಿ), ‘ಮೋರೆ’ (ಸಮುದ್ರ) ನಪುಂಸಕ. ವಿಶೇಷಣವೂ ಜೊತೆಗೆ ಬದಲಾಗುತ್ತದೆ: ನೊವಿಯ್ ಸ್ತಿಲ್, ನೊವಾ ಕ್ನಿಹಾ, ನೊವೆ ವಿಕ್ನೊ. ‘ತಾತೊ’ ಎಂದರೆ ಅಪ್ಪ, ಆದ್ದರಿಂದ ಒಕಾರಾಂತವಾದರೂ ಪುಲ್ಲಿಂಗ. ದ್ನಿಪ್ರೊ ನದಿಯ ಹೆಸರೂ ಹಾಗೆಯೇ.

ನಿಜವಾದ ಶ್ರಮ ಬೇಕಾಗಿರುವುದು ವ್ಯಂಜನಾಂತ ಸ್ತ್ರೀಲಿಂಗಗಳಿಗೆ. ‘ಸಿಲ್’ ಎಂದರೆ ಉಪ್ಪು, ‘ಬಿಲ್’ ಎಂದರೆ ನೋವು. ಎರಡೂ ಒಂದೇ ಪ್ರಾಸದಲ್ಲಿ ಮುಗಿದರೂ ಮೊದಲನೆಯದು ಸ್ತ್ರೀಲಿಂಗ, ಎರಡನೆಯದು ಪುಲ್ಲಿಂಗ. ರಾತ್ರಿಯ ಹೆಸರಾದ ‘ನಿಚ್’ ಸ್ತ್ರೀಲಿಂಗ, ಬೀಗದ ಕೈಯಾದ ‘ಕ್ಲ್ಯುಚ್’ ಪುಲ್ಲಿಂಗ. ಸಂತೋಷವೆಂಬ ಅರ್ಥದ ‘ರಾದಿಸ್ತ್’ನಂತೆ ‘ಇಸ್ತ್’ ಪ್ರತ್ಯಯ ಹತ್ತಿದ ಭಾವನಾಮಗಳೆಲ್ಲ ಸ್ತ್ರೀಲಿಂಗವೆಂಬ ಒಂದು ನಿಯಮ ನೂರಾರು ಪದಗಳನ್ನು ಕೈಗೆ ಕೊಡುತ್ತದೆ. ಉಳಿದವನ್ನು ಪಟ್ಟಿ ಮಾಡಿ ಉರುಹೊಡೆಯುವ ಕ್ರಮವನ್ನು ನಾನು ಒಪ್ಪುವುದಿಲ್ಲ. ‘ನನ್ನ’ ಎಂಬ ಪದವನ್ನು ಸೇರಿಸಿ, ಮಿಯ್ ಬಿಲ್, ಮೊಯಾ ಸಿಲ್, ಮೊಯೆ ವಿಕ್ನೊ ಎಂದು ಬಾಯಿಬಿಟ್ಟು ಹೇಳಿ ಕಲಿತರೆ ಲಿಂಗವು ನಾಮಪದದಿಂದ ಬೇರೆಯಾಗಿ ಉಳಿಯುವುದೇ ಇಲ್ಲ. ಬಾಲ್ಯದಲ್ಲಿ ‘ರಾಮಃ ರಾಮೌ ರಾಮಾಃ’ ಎಂದು ರಾಗವಾಗಿ ಹೇಳಿದವರಿಗೆ ಈ ಅಭ್ಯಾಸ ಹೊಸದೇನಲ್ಲ.

2022ರ ಯುದ್ಧಕ್ಕೆ ಮುನ್ನ ಖಾರ್ಕಿವ್‌ನಂತಹ ನಗರಗಳಲ್ಲಿ ವೈದ್ಯಕೀಯ ಓದುತ್ತಿದ್ದ ಕರ್ನಾಟಕದ ವಿದ್ಯಾರ್ಥಿಗಳಲ್ಲಿ ಹಲವರು ಬೀದಿಯಲ್ಲಿ ಕೇಳುತ್ತಿದ್ದ ರಷ್ಯನ್ನನ್ನೇ ಮೊದಲು ಕಲಿತರು. ಅಂಥವರು ರಷ್ಯನ್ನಿನ ಲಿಂಗವನ್ನು ಹಾಗೆಯೇ ಇತ್ತ ತರಬಾರದು. ಒಬ್ಬ ವೈದ್ಯ ದಿನವಿಡೀ ಬಳಸುವ ‘ನೋವು’ ಎಂಬ ಪದವೇ ರಷ್ಯನ್ನಿನಲ್ಲಿ ಸ್ತ್ರೀಲಿಂಗ, ಉಕ್ರೇನಿಯನ್ನಿನಲ್ಲಿ ಪುಲ್ಲಿಂಗ: ‘ಸಿಲ್ನಿಯ್ ಬಿಲ್’ ಎಂದರೆ ತೀವ್ರವಾದ ನೋವು. ಬಯಲನ್ನು ಹೇಳುವ ‘ಸ್ತೆಪ್’, ನಾಯಿಯನ್ನು ಹೇಳುವ ‘ಸೊಬಾಕಾ’ ಕೂಡ ರಷ್ಯನ್ನಿನಲ್ಲಿ ಸ್ತ್ರೀಲಿಂಗವಾದರೂ ಗ್ರಾಂಥಿಕ ಉಕ್ರೇನಿಯನ್ನಿನಲ್ಲಿ ಪುಲ್ಲಿಂಗಗಳೇ. ಉಕ್ರೇನಿಯನ್ನನ್ನು ರಷ್ಯನ್ನಿನ ಒಂದು ಬಗೆಯೆಂದು ಎಣಿಸುವವರಿಗೆ ಇಂಥ ಪದಗಳು ಸ್ಪಷ್ಟವಾದ ಉತ್ತರವಾಗಿವೆ, ಮತ್ತು ಇಲ್ಲಿಯ ಜನ ಆ ವ್ಯತ್ಯಾಸವನ್ನು ಎಷ್ಟು ಜತನದಿಂದ ಕಾಯುತ್ತಾರೆಂಬುದನ್ನು ಕಂಡ ಮೇಲೆ ಅದನ್ನು ಸರಿಯಾಗಿ ಕಲಿಯುವುದು ಸೌಜನ್ಯದ ವಿಷಯವೂ ಹೌದೆಂದು ನನಗೆ ತೋರುತ್ತದೆ.

ಜೀವವುಳ್ಳವುಗಳ ವಿಷಯದಲ್ಲಿ ಕನ್ನಡ, ಉಕ್ರೇನಿಯನ್ ಎರಡೂ ಕೆಲವೆಡೆ ಕೂಡಿ ಕೆಲವೆಡೆ ಅಗಲುತ್ತವೆ. ಕರುವಾದ ‘ತೆಲ್ಯಾ’, ಕೋಳಿಮರಿಯಾದ ‘ಕುರ್ಚಾ’ ನಮ್ಮಲ್ಲಿರುವಂತೆಯೇ ನಪುಂಸಕ. ಮಗು ಎಂಬ ಅರ್ಥದ ‘ದಿತಿನಾ’, ಮನುಷ್ಯ ಎಂಬ ಅರ್ಥದ ‘ಲ್ಯುದಿನಾ’ ಮಾತ್ರ ಯಾರನ್ನು ಕುರಿತು ಹೇಳಿದರೂ ಸ್ತ್ರೀಲಿಂಗ. ಗಂಡಸೊಬ್ಬನನ್ನು ಹೊಗಳುವಾಗಲೂ ‘ದೋಬ್ರಾ ಲ್ಯುದಿನಾ’ ಎಂದೇ ಹೇಳಬೇಕು. ಬಹುವಚನದಲ್ಲಿ ಈ ಭೇದವೆಲ್ಲ ಅಳಿದು ಎಲ್ಲಕ್ಕೂ ‘ವೊನಿ’ ಒಂದೇ ಸಾಕು, ನಾವಾದರೋ ಅಲ್ಲಿಯೂ ‘ಅವರು’, ‘ಅವು’ ಎಂದು ಬೇರ್ಪಡಿಸುತ್ತೇವೆ.

ಕನ್ನಡಿಗರು ನಿರೀಕ್ಷಿಸದ ಸ್ಥಳ ಭೂತಕಾಲದ ಉತ್ತಮ ಪುರುಷ. ‘ನಾನು ಓದಿದೆನು’ ಎಂಬ ವಾಕ್ಯ ಹೇಳಿದವರು ಗಂಡೋ ಹೆಣ್ಣೋ ಕನ್ನಡ ತಿಳಿಸುವುದಿಲ್ಲ. ಉಕ್ರೇನಿಯನ್ನಿನಲ್ಲಿ ಗಂಡಸು ‘ಯಾ ಚಿತಾವ್’ ಎಂದರೆ ಹೆಂಗಸು ‘ಯಾ ಚಿತಾಲಾ’ ಎನ್ನುತ್ತಾಳೆ. ಈ ಕ್ರಿಯಾರೂಪವು ಮೂಲದಲ್ಲಿ ಕೃದಂತವಾಗಿತ್ತು, ಆದ್ದರಿಂದ ಅದು ವಿಶೇಷಣದಂತೆ ಲಿಂಗವನ್ನು ಉಳಿಸಿಕೊಂಡಿದೆ. ಸಂಸ್ಕೃತದ ‘ಅಹಂ ಪಠಿತವಾನ್’, ‘ಅಹಂ ಪಠಿತವತೀ’ಗಳಲ್ಲಿಯೂ ಇರುವುದು ಇದೇ ಏರ್ಪಾಡು. ಕಲಿಯುವ ಹೆಣ್ಣುಮಕ್ಕಳು ಪುರುಷ ಶಿಕ್ಷಕರ ವಾಕ್ಯಗಳನ್ನು ಇದ್ದಂತೆ ಅನುಕರಿಸದೆ, ಮೊದಲ ಪಾಠದಿಂದಲೇ ‘ಚಿತಾಲಾ’ ರೂಪವನ್ನು ತಮ್ಮದಾಗಿಸಿಕೊಳ್ಳಬೇಕು.