ಕಾಲೇಜಿನ ಹೆಸರಿನ ಕಾಲಂ

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್‌ನವರ ಎಕ್ಸೆಲ್ ಹಾಳೆ ಮೇಲೆ ಮೊದಲು ಬೀಳೋ ಫಿಲ್ಟರ್ ಕಾಲೇಜಿನ ಹೆಸರು. ಸಾವಿರ ಅರ್ಜಿಯನ್ನ ಅರ್ಧ ಗಂಟೆಯಲ್ಲಿ ನೂರಕ್ಕೆ ಇಳಿಸೋಕೆ ಅದಕ್ಕಿಂತ ಅಗ್ಗದ ದಾರಿ ಇಲ್ಲ, ಒಪ್ಪೋಣ. ಆದರೆ ಆ ಹೆಸರು ಅಳೀತಿರೋದು ಏನನ್ನ?

ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಅಂದರೆ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕಕ್ಕೆ ಅರ್ಧ ತೂಕ, ಸಿಇಟಿ ಪ್ರವೇಶ ಪರೀಕ್ಷೆಗೆ ಅರ್ಧ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಜವ, ವೇಗ, ಸ್ಥಾನಪಲ್ಲಟ ಅಂತ ಕಲಿತ ಹುಡುಗಿಗೆ ಪಿಯುಸಿಯ ಮೊದಲ ತಿಂಗಳುಗಳು ಅದನ್ನೇ ಸ್ಪೀಡ್, ವೆಲಾಸಿಟಿ, ಡಿಸ್‌ಪ್ಲೇಸ್‌ಮೆಂಟ್ ಅಂತ ಹೊಂದಿಸಿಕೊಳ್ಳೋದರಲ್ಲೇ ಕಳೆದುಹೋಗುತ್ತೆ. ಆ ಪೆಟ್ಟು ರ‍್ಯಾಂಕಿನಲ್ಲಿ ಕಾಣುತ್ತೆ, ರ‍್ಯಾಂಕು ಕಾಲೇಜಿನಲ್ಲಿ ಕಾಣುತ್ತೆ. ನಾಲ್ಕು ವರ್ಷ ಆದಮೇಲೆ ಕಂಪನಿ ಅಳೆಯೋದೂ ಅದನ್ನೇ. (ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಬಂದವರ ರೆಸ್ಯೂಮೆಯಲ್ಲೂ ಅದೇ ದೊಡ್ಡ ಹೆಸರೇ ಇರುತ್ತೆ ಅನ್ನೋದು ಬೇರೆ ಮಾತು.)

ಅಮೆರಿಕದಲ್ಲಿ ಡೇಲ್ ಮತ್ತು ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೊಡ್ಡ ಕಾಲೇಜಲ್ಲಿ ಸೀಟು ಸಿಕ್ಕೂ ಬೇರೆ ಕಡೆ ಓದಿದವರ ಸಂಪಾದನೆ, ಅಲ್ಲೇ ಓದಿದವರ ಸಂಪಾದನೆಗಿಂತ ಹೆಚ್ಚೇನೂ ಕಡಿಮೆ ಇರಲಿಲ್ಲ. ಬಡ ಕುಟುಂಬದವರಿಗೆ ಮಾತ್ರ ದೊಡ್ಡ ಕಾಲೇಜಿಂದ ಲಾಭವಾಗಿತ್ತು. ಅದು ಸಂಬಳದ ಲೆಕ್ಕ, ಕೆಲಸದ ಗುಣಮಟ್ಟದ್ದಲ್ಲ. ಆದರೂ ಯೋಚಿಸೋ ಹಾಗಿದೆ.

ಹಾಗಂತ ಕಾಲೇಜಿಂದ ವ್ಯತ್ಯಾಸವೇ ಇಲ್ಲ ಅಂದರೆ ಅದೂ ಸುಳ್ಳು. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಅದು ಚೆನ್ನಾಗೇ ಕಾಣುತ್ತೆ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಪ್ರಶ್ನೆಪತ್ರಿಕೆ ನೋಡಿ: ಐದು ಮಾಡ್ಯೂಲ್, ಒಂದೊಂದರಲ್ಲಿ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಲ್ಯಾಬ್‌ನಲ್ಲಿ ಮೊದಲೇ ಗೊತ್ತಿರೋ ಹತ್ತು ಹನ್ನೆರಡು ಪ್ರೋಗ್ರಾಂ, ಪರೀಕ್ಷೆ ದಿನ ಚೀಟಿ ಎತ್ತೋದು. ಬಾಯಿಪಾಠ ಮಾಡಿದರೂ ಪಾಸ್. ಹೀಗೆ ಬಂದವರು ಬೇರೆಯವರು ಬರೆದ ಸಾವಿರಾರು ಸಾಲಿನ ಕೋಡ್ ಓದಿರಲ್ಲ. ಎರರ್ ಬಂದರೆ ಎರಡು ದಿನ ಯಾರಿಗೂ ಹೇಳದೆ ಕೂತಿರ್ತಾರೆ. ಮ್ಯಾನೇಜರ್ ಕಣ್ಣಿಗೆ ಇದು ದಡ್ಡತನ. ಅಸಲಿಗೆ ಕೇಳೋ ಅಭ್ಯಾಸ ಇಲ್ಲ, ಅಷ್ಟೇ. ಒಳ್ಳೆ ಸೀನಿಯರ್‌ಗಳು, ಕ್ಲಬ್ಬು, ಹ್ಯಾಕಥಾನ್ ಇರೋ ಕಾಲೇಜಿನವರು ಅದನ್ನ ಅಲ್ಲೇ ಕಲಿತು ಬಂದಿರ್ತಾರೆ.

ಇದಕ್ಕೆ ಮದ್ದಿದೆ. 45 ನಿಮಿಷ ಸಿಕ್ಕಿಹಾಕಿಕೊಂಡರೆ ಕೇಳಲೇಬೇಕು ಅಂತ ಮೊದಲ ದಿನವೇ ನಿಯಮ ಮಾಡಿ. ಕೇಳುವಾಗ ಮೂರು ಸಾಲು ಬರೀಬೇಕು: ಏನು ಮಾಡೋಕೆ ಹೊರಟೆ, ಏನು ಬಂತು, ಏನೇನು ಮಾಡಿ ನೋಡಿದೆ. ಮೂರನೇ ಸಾಲು ಬರೆಯೋ ಹೊತ್ತಿಗೆ ಎಷ್ಟೋ ಸಲ ಉತ್ತರ ತಾನೇ ಹೊಳೆದಿರುತ್ತೆ. ಮೊದಲ ವಾರ ಒಂದೇ ಒಂದು ಕಾಗುಣಿತ ತಪ್ಪು ತಿದ್ದಿಸಿದರೂ ಸಾಕು, ಆದರೆ ಅದು ರಿವ್ಯೂ, ಟೆಸ್ಟಿಂಗ್ ಎಲ್ಲ ದಾಟಿ, ಜನ ಬಳಸೋ ಅಸಲಿ ಸಾಫ್ಟ್‌ವೇರ್‌ಗೆ ಅಂದರೆ ಪ್ರೊಡಕ್ಷನ್‌ಗೆ ಹೋಗಬೇಕು. ಮೊದಲ ತಿಂಗಳು ಒಂದು ದಿನದ ಕೆಲಸಗಳು, ಮೂರನೇ ತಿಂಗಳಿಂದ ಒಂದು ವಾರದವು.

ಎಡವಟ್ಟಾಗೋದು ಇಲ್ಲಿ: ದೊಡ್ಡ ಕಾಲೇಜಿನವನಿಗೆ ಹೊಸ ಪ್ರಾಜೆಕ್ಟ್, ಇನ್ನೊಬ್ಬಳಿಗೆ ಡಾಕ್ಯುಮೆಂಟೇಷನ್ನು. ವರ್ಷದ ಅಪ್ರೈಸಲ್‌ನಲ್ಲಿ "ನೋಡಿ, ನಾನು ಹೇಳಿರಲಿಲ್ವಾ" ಅಂತಾರೆ. ನೀರೇ ಹಾಕದ ಗಿಡ ಬೆಳೀಲಿಲ್ಲ ಅನ್ನೋ ದೂರು!

ಆಯ್ಕೆಯಲ್ಲಿ ಒಗಟಿನ ಪ್ರಶ್ನೆ ಬಿಡಿ, ಅವಕ್ಕೂ ಗೈಡ್‌ಗಳಿವೆ. ಮನೆಗೆ ಕೊಡೋ ಅಸೈನ್‌ಮೆಂಟ್‌ನ ಈಗ ಚಾಟ್‌ಜಿಪಿಟಿ ಬರೆದುಕೊಡುತ್ತೆ. ಅದರ ಬದಲು 300 ಸಾಲಿನ, ಓಡುತ್ತಿರೋ ಒಂದು ಪ್ರೋಗ್ರಾಂ ಕೊಡಿ. ಎರಡು ಬಗ್ ಇರಲಿ, ಒಂದು ಸೌಲಭ್ಯ ಸೇರಿಸೋಕೆ ಹೇಳಿ. 90 ನಿಮಿಷ, ಇಂಟರ್ನೆಟ್ ಬಳಸಬಹುದು. ಆಮೇಲೆ 20 ನಿಮಿಷ ಎದುರು ಕೂತು "ಈ ಸಾಲು ಯಾಕೆ ಬದಲಿಸಿದ್ರಿ?" ಅಂತ ಕೇಳಿ. ಕನ್ನಡದಲ್ಲಿ ಉತ್ತರಿಸಿದರೂ ಆಗಲಿ. ಇಂಗ್ಲಿಷಿನ ಓಘವನ್ನೇ ಬುದ್ಧಿ ಅಂದುಕೊಂಡು ಮೋಸ ಹೋಗೋ ಜಾಗ ಇದು. ಐದು ಅಂಕಕ್ಕೆ ಎರಡು ಅಂದರೆ ಏನು, ನಾಲ್ಕು ಅಂದರೆ ಏನು ಅಂತ ಮೊದಲೇ ಬರೆದಿಡಿ. ಇಬ್ಬರು ಪರೀಕ್ಷಕರು ಮಾತಾಡಿಕೊಳ್ಳದೆ ಅಂಕ ಹಾಕಲಿ, ಕಾಲೇಜಿನ ಹೆಸರು ಇಬ್ಬರಿಗೂ ಕಾಣದಿರಲಿ.

ಅದಕ್ಕೂ ಮೊದಲು ಆ ಪರೀಕ್ಷೆಯನ್ನ ನಿಮ್ಮಲ್ಲೇ ಎರಡು ವರ್ಷ ಕೆಲಸ ಮಾಡಿರೋರಿಗೆ ಕೊಟ್ಟು ನೋಡಿ. ಅವರಿಗೇ 60 ನಿಮಿಷದಲ್ಲಿ ಮುಗಿಯದಿದ್ದರೆ ಪ್ರಶ್ನೆ ಕಡಿಮೆ ಮಾಡಿ. ಒಂದೂವರೆ ವರ್ಷ ಬಿಟ್ಟು ಆಯ್ಕೆಯಾದವರ ಅಂಕಗಳನ್ನೂ ಅವರ ಕೆಲಸವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಮುಚ್ಚಿಟ್ಟ ಕಾಲೇಜಿನ ಕಾಲಂ ಬೇಕಿದ್ದರೆ ಆಗ ತೆಗೆದು ನೋಡಿ.